ಕೆರೆ ಕೋಡಿ ಹರಿದ ವರ್ಷ, ಕಡಲಿಗೆ ಹೋದ ದಿನ

ಕಳೆದ ತಿಂಗಳು ಶಿರಾಕ್ಕೆ ಹೋಗಿದ್ದವನು ಸಾದಿಕ್‌ನ ಮೀನಂಗಡಿಯ ಮುಂದೆ ನಿಂತೆ. ಅವನು ಆಗಷ್ಟೇ ಬಸ್ಸಿನಿಂದ ಇಳಿಸಿಕೊಂಡಿದ್ದ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದ. ಐಸಿನ ಮೇಲೆ ಸಾಲಾಗಿ ಮಲಗಿಸಿದ ಕಾಣೆ ಮೀನು. ಅದರಿಂದ ಎದ್ದ ವಾಸನೆ ನಮ್ಮ ಕೆರೆ ಮೀನಿನ ಕೆಸರು ವಾಸನೆಯಲ್ಲ. ಉಪ್ಪು, ಒದ್ದೆ ಹಗ್ಗ, ಬಿಸಿಲಿಗೆ ಕಾದ ಮರಳು ಎಲ್ಲ ಸೇರಿದ ವಾಸನೆ.

"ಹಾಕ್ಲಾ ಈರಣ್ಣ, ಒಂದು ಕೆಜಿ?" ಎಂದ.

ಬೇಡವೆಂದು ತಲೆಯಾಡಿಸಿದೆ. ಅವನಿಗೆ ತಿಳಿಯಿತು. ಮುಚ್ಚಳ ಹಾಕಿ ಪಕ್ಕದ ಹೋಟೆಲಿನಿಂದ ಟೀ ತರಿಸಿದ. ಇಬ್ಬರೂ ಟೀ ಕುಡಿದೆವು, ಆ ದಿನದ ಮಾತು ಮಾತ್ರ ಎತ್ತಲಿಲ್ಲ. ಆದರೆ ಬಸ್ಸು ಹತ್ತಿ ಊರು ಸೇರುವವರೆಗೂ ನನ್ನ ತಲೆಯೊಳಗೆ ಆ ವರ್ಷವೇ ಇತ್ತು.

ಆ ವರ್ಷದ ಮಳೆಯನ್ನು ಪಾವಗಡದ ಕಡೆಯವರು ಬಿದ್ದಮೇಲೂ ನಂಬಲಿಲ್ಲ. ಆಷಾಢದಲ್ಲಿ ಹಿಡಿದದ್ದು ನವರಾತ್ರಿ ಕಳೆದರೂ ಬಿಡಲಿಲ್ಲ. ನಿಡುಗಲ್ ಬೆಟ್ಟದ ತಲೆ ದಿನಗಟ್ಟಲೆ ಮೋಡದೊಳಗೇ ಇರುತ್ತಿತ್ತು. ನಮ್ಮೂರ ಕೆರೆ ಎಂದರೆ ನಾನು ಹುಟ್ಟಿದಾಗಿನಿಂದ ಹುಡುಗರು ಕ್ರಿಕೆಟ್ ಆಡುವ ಬಯಲು, ಅದರಾಚೆ ಜಾಲಿಮುಳ್ಳು. ಅಂಥ ಕೆರೆ ತುಂಬಿ ಕೋಡಿ ಹರಿಯಿತು. ಸುತ್ತಲ ಹಳ್ಳಿಗಳವರು ಟ್ರ್ಯಾಕ್ಟರಿನಲ್ಲಿ ಬಂದು ನೋಡಿಕೊಂಡು ಹೋದರು. ಹೆಂಗಸರು ಅರಿಸಿನ ಕುಂಕುಮ ಹಾಕಿ ಕೈಮುಗಿದರು. ಗಂಡಸರು ಏರಿಯ ಮೇಲೆ ನಿಂತು ಬೀಡಿ ಸೇದಿದರು.

ಪಾವಗಡದಲ್ಲಿ ನನ್ನದು ಮೋಟಾರು ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನಲ್ಲಿ ನೀರು ತಳ ಕಂಡು ಮೋಟಾರು ಸುಟ್ಟರೆ ನನಗೆ ಕೆಲಸ. ಆ ವರ್ಷ ಯಾರ ಮೋಟಾರೂ ಸುಡಲಿಲ್ಲ. ಕೆಲವರ ಬೋರು ತಾನಾಗಿಯೇ ಉಕ್ಕಿ ಹೊಲಕ್ಕೆ ಹರಿಯುತ್ತಿತ್ತು. ತಾಮ್ರದ ತಂತಿಯ ಸುರುಳಿಗಳ ಮಧ್ಯೆ ಕೂತು ಕೂತು ಬೇಜಾರಾಗಿ ಮಧ್ಯಾಹ್ನಕ್ಕೇ ಬಾಗಿಲೆಳೆದು ಕೆರೆ ಏರಿಗೆ ಬಂದುಬಿಡುತ್ತಿದ್ದೆ. ಅಲ್ಲಿ ಓಬಳೇಶ ನನಗಿಂತ ಮೊದಲೇ ಬಂದು ಎರೆಹುಳು ಅಗೆಯುತ್ತಿರುತ್ತಿದ್ದ.

ಓಬಳೇಶನ ಬಗ್ಗೆ ಏನೆಂದು ಹೇಳಲಿ. ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೂ ಒಂದೇ ಬೆಂಚಿನಲ್ಲಿ ಕೂತವರು ನಾವು. ನಾನು ಕುರಿಯವರ ಹಟ್ಟಿಯವನು, ಅವನು ಊರೊಳಗಿನವನು. ನಡುವೆ ಒಂದು ಹಳ್ಳ. ಅವನ ಅಮ್ಮ ಕಾಯಿಲೆಯಲ್ಲಿ ಮಲಗಿದ್ದ ವರ್ಷ ದಿನಾ ಆ ಹಳ್ಳ ದಾಟಿ ಬಂದು ನಮ್ಮವ್ವನ ಕೈಯ ಮುದ್ದೆ ಉಂಡಿದ್ದಾನೆ. ನನ್ನ ಮದುವೆಯಲ್ಲಿ ಹೆಣ್ಣಿನ ಕಡೆಯವರನ್ನು ಕರೆತಂದದ್ದು ಅವನ ಬಾಡಿಗೆ ಕಾರೇ. ಅವನು ಪಂಚಾಯಿತಿ ಚುನಾವಣೆಗೆ ನಿಂತಾಗ ಹಟ್ಟಿಯ ಮನೆಮನೆಗೂ ನಾನೇ ಅವನನ್ನು ಕರೆದುಕೊಂಡು ಹೋಗಿದ್ದೆ. ಹಟ್ಟಿಯ ವೋಟೆಲ್ಲ ಬಿದ್ದೇ ಅವನು ಮೆಂಬರಾದ.

ಸಾದಿಕ್ ಆ ಮಳೆಗಾಲದಲ್ಲಿ ಸಿಕ್ಕವನು. ಕೆರೆಯಲ್ಲಿ ಮೀನು ಎದ್ದ ಸುದ್ದಿ ಕೇಳಿ ಶಿರಾದಿಂದ ಕೊಳ್ಳಲು ಬಂದವನು ನಮ್ಮ ಪಕ್ಕ ಕೂತು ತಾನೂ ಒಂದು ಗಾಳ ಬಿಟ್ಟ. ಚಿಕ್ಕ ವಯಸ್ಸಿನಲ್ಲಿ ಕುಂದಾಪುರದ ಕಡೆ ದೋಣಿಗಳಲ್ಲಿ ದುಡಿದಿದ್ದನಂತೆ. ನಮ್ಮ ಬಿದಿರುಕಡ್ಡಿ, ನಮ್ಮ ಜಿಲೇಬಿ ಮೀನು ಎರಡನ್ನೂ ಕಂಡು ನಗುತ್ತಿದ್ದ.

"ನಿಂತ ನೀರಲ್ಲಿ ಏನ್ ಮಜಾ ಭಾಯ್? ಅಲೆ ಒಳಗೆ ನಿಂತ್ಕಬೇಕು. ಕಾಲನ್ನ ಕಡಲು ಎಳೀಬೇಕು, ಕೈಯನ್ನ ಮೀನು ಎಳೀಬೇಕು. ಅದು ಗಾಳ ಅಂದ್ರೆ!"

"ಏಮ್ರಾ ಈರಾ, ಓಗಣೇನ್ಲಾ ಒಂದಿನ?" ಎನ್ನುತ್ತಿದ್ದ ಓಬಳೇಶ. ಊರಲ್ಲಿ ಅವನ ಮಾತು ಅರ್ಧ ತೆಲುಗೇ. ನಾನು ಅಲ್ಲಿಯವರೆಗೂ ಕಡಲನ್ನು ಕಂಡವನಲ್ಲ. ಹೋಗೋಣ ಎನ್ನುತ್ತಿದ್ದೆ. ಹಾಗೆ ಹೇಳುತ್ತಲೇ ಎರಡು ತಿಂಗಳು ಕಳೆದಿತ್ತು.

ಅದೇ ಮಳೆಗಾಲದಲ್ಲಿ ಹುಲ್ಲುದಿಣ್ಣೆಯ ಗಲಾಟೆಯೂ ಶುರುವಾದದ್ದು. ನಮ್ಮ ಹಟ್ಟಿಯ ಹಿಂದಿನಿಂದ ಬೆಟ್ಟದ ಬುಡದವರೆಗೆ ಹಬ್ಬಿದ ಗೋಮಾಳಕ್ಕೆ ನಾವು ಹುಲ್ಲುದಿಣ್ಣೆ ಅನ್ನುತ್ತೇವೆ. ಯಾರ ಹೆಸರಿಗೂ ಇಲ್ಲದ ಸರ್ಕಾರಿ ಜಾಗ. ನಮ್ಮ ಕುರಿಗಳು ಮೇಯುವುದೇ ಅಲ್ಲಿ, ಬೆಟ್ಟದಾಚೆಯ ಹಳ್ಳಗಳಿಗೆ ಹೋಗುವ ದಾರಿಯೂ ಅದೇ. ವಳ್ಳೂರಿನ ಕಡೆ ನೆಲದ ತುಂಬ ಸೋಲಾರ್ ಫಲಕಗಳು ಮಲಗಿದ್ದನ್ನು ನಾವೆಲ್ಲ ನೋಡಿದ್ದೆವು. ಈಗ ಇನ್ನೊಂದು ಹೊಸ ಕಂಪನಿಯವರ ಕಣ್ಣು ನಮ್ಮ ದಿಣ್ಣೆಯ ಮೇಲೆ ಬಿತ್ತು. ಅದಕ್ಕೆ ಗ್ರಾಮಸಭೆಯ ಒಪ್ಪಿಗೆ ಬೇಕಿತ್ತು.

ಮೊದಲ ಸಭೆಯಲ್ಲಿ ಹಟ್ಟಿಯ ಪರವಾಗಿ ಎದ್ದು ನಿಂತವನು ನಾನು. ಬೇರೆಯವರಿಗೆ ಅಧಿಕಾರಿಗಳ ಮುಂದೆ ಮಾತಾಡಿ ಅಭ್ಯಾಸವಿರಲಿಲ್ಲ.

"ಈ ಜಾಗ ಖಾಲಿ ಐತೆ ಅಂತ ನೀವು ಬರಕಂಡಿದ್ದೀರಿ ಸಾರ್. ಬೆಳಿಗ್ಗೆ ಒಂದ್ಸಲ ಬಂದು ನೋಡಿ. ನಮ್ಮ ಕುರಿ ಅಷ್ಟೂ ಅಲ್ಲೇ ಇರ್ತವೆ. ಅವು ಎಲ್ಲಿಗೋಗ್ಬೇಕು ಅಂತ ಮೊದ್ಲು ಯೋಳಿ, ಆಮ್ಯಾಲೆ ಸಹಿ ಕೇಳಿ" ಎಂದೆ. ಹಿಂದೆ ಕೂತ ಹಟ್ಟಿಯವರು ಹೋ ಎಂದರು. ಓಬಳೇಶನೂ ಮೆಂಬರುಗಳ ಸಾಲಿನಿಂದ ಎದ್ದು ನಿಂತು, ತಾನು ಹಟ್ಟಿಯ ಜೊತೆ ಎಂದ. ತೀರ್ಮಾನವಾಗದೆ ಸಭೆ ಮುಂದಕ್ಕೆ ಹೋಯಿತು.

ಆ ಸಂಜೆ ಹಟ್ಟಿಯಲ್ಲಿ ನಮ್ಮ ದೊಡ್ಡಪ್ಪ ಕ್ಯಾತಪ್ಪ ಎಲ್ಲರನ್ನೂ ಕೂರಿಸಿಕೊಂಡ. ಕುರಿಯ ವಿಷಯಕ್ಕೆ ಹಟ್ಟಿಯಲ್ಲಿ ಅವನು ಹೇಳಿದ್ದೇ ಕೊನೆ. "ಇನ್ಮ್ಯಾಲೆ ಈ ಇಷ್ಯದಾಗೆ ಈರ ಏನಂತಾನೋ ಅದೇ ನಮ್ಮ ಮಾತು. ಯಾರೂ ಬೇರೆ ಬಾಯಿ ಆಕ್ಬ್ಯಾಡಿ" ಎಂದ. ಅಪ್ಪ ಸತ್ತಮೇಲೆ ನನ್ನ ಬೆನ್ನ ಮೇಲೆ ಅಂಥ ಕೈ ಬಿದ್ದಿರಲಿಲ್ಲ.

ಮುಂದಿನ ಸಭೆ ಯಾವಾಗ ಎಂದು ಓಬಳೇಶನನ್ನು ಕೇಳಿದಾಗ, "ದೀಪಾವಳಿ ಆದ್ಮ್ಯಾಲೆ ಕಣ್ಲಾ. ಅಲ್ಲೀಗಂಟ ಯಾವನೂ ಅಲ್ಲಾಡಲ್ಲ. ನಾನಿದೀನಲ್ಲ" ಎಂದ. ಅದಾಗಿ ನಾಲ್ಕೈದು ದಿನಕ್ಕೆ ಕೆರೆ ಏರಿಯ ಮೇಲೆ ಅವನೇ ಮಾತೆತ್ತಿದ. "ಸಮುದ್ರಕ್ಕೆ ಓಗಿ ಬರಾಣ್ರೋ. ಕಡಲೆಕಾಯಿ ಕೀಳಾಕೆ ನಿಂತ್ರೆ ಆಮ್ಯಾಕೆ ಯಾರಿಗೂ ಪುರುಸೊತ್ತಿರಲ್ಲ. ಕಾರು ನಂದು. ಶುಕ್ರವಾರ ಒಂಟುಬುಡಾಣ."

ಸಾದಿಕ್ ಎದ್ದು ಕುಣಿದೇಬಿಟ್ಟ. ನಾನೂ ಹೂಂ ಎಂದೆ. ನನ್ನ ಹೆಂಡತಿ ಸರೋಜ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ಶುಕ್ರವಾರ ಹೊರಟವರು ಶನಿವಾರ ಬೆಳಕು ಹರಿಯುವಾಗ ಕುಂದಾಪುರದಿಂದ ಸ್ವಲ್ಪ ಆಚೆಗೆ ಒಂದು ಗಾಳಿಮರದ ತೋಪಿನಲ್ಲಿ ಕಾರು ನಿಲ್ಲಿಸಿದೆವು. ಕಣ್ಣಿಗೆ ಇನ್ನೂ ಏನೂ ಕಂಡಿರಲಿಲ್ಲ. ಮರಗಳಾಚೆಯಿಂದ ಒಂದೇ ಸಮನೆ ಸದ್ದು ಬರುತ್ತಿತ್ತು. ಯಾರದೋ ಕಣದಲ್ಲಿ ಕಡಲೆಕಾಯಿ ಬಿಡಿಸುವ ಮಿಷನ್ನು ಓಡುತ್ತಿದೆ ಎಂದುಕೊಂಡೆ. ಹಾಗೆಂದು ಹೇಳಿದ್ದಕ್ಕೆ ಸಾದಿಕ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮರಗಳು ಮುಗಿದವು. ನಾನು ನಿಂತಲ್ಲೇ ನಿಂತೆ. ಬಯಲು ಸೀಮೆಯವನಿಗೆ ಅಗಲವಾದದ್ದು ಹೊಸದಲ್ಲ. ಆದರೆ ಅಷ್ಟು ಅಗಲವಾದದ್ದು ಅಲ್ಲಾಡುವುದನ್ನು ನಾನು ನೋಡಿರಲಿಲ್ಲ.

ನೀರಿಗಿಳಿಯುವ ಮೊದಲು ಓಬಳೇಶ ನಮ್ಮಿಬ್ಬರ ಫೋನು ಕೇಳಿದ. "ಕೊಡ್ರಿಲ್ಲಿ, ಕಾರಾಗಿಡ್ತೀನಿ. ಉಪ್ಪುನೀರು ಬಿದ್ರೆ ಸತ್ತೋಗ್ತವೆ." ತನ್ನದನ್ನು ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ, ಫೋಟೋ ತೆಗೆಯಲು. ಸರಿಯಾದ ಮಾತೇ ಅನ್ನಿಸಿತು. ಕೊಟ್ಟೆ.

ಸಾದಿಕ್ ತನ್ನ ಹಳೆಯ ಗೆಳೆಯನೊಬ್ಬನಿಂದ ಉದ್ದನೆಯ ಕೋಲುಗಳನ್ನು ಇಸಿದುಕೊಂಡು ಬಂದ. ಒಂದೊಂದೂ ಎರಡಾಳುದ್ದ, ಬುಡದಲ್ಲಿ ರೀಲು, ದಾರದ ತುದಿಯಲ್ಲಿ ಸೀಸದ ಗುಂಡು. ಗಾಳಕ್ಕೆ ಸಿಪ್ಪೆ ಸುಲಿದ ಸಿಗಡಿ ಚುಚ್ಚಿದೆವು. ತಕ್ಷಣ ಬೀಸಲು ಅವನು ಬಿಡಲಿಲ್ಲ. ಮರಳ ಮೇಲೆ ಉದ್ದಕ್ಕೂ ನಡೆದಾಡಿ ಕಡಲನ್ನು ನೋಡಿದ. "ಅಲ್ನೋಡಿ, ಅಲೆ ಎರಡು ಕಡೆ ಒಡೀತಾ ಇದೆ. ನಡುವೆ ಒಡೀದೆ ಕಪ್ಪಗಿದೆಯಲ್ಲ, ಅಲ್ಲಿ ಗುಂಡಿ ಇರ್ತದೆ. ಮೀನು ಅಲ್ಲಿ ತಿನ್ನೋಕೆ ಬರ್ತದೆ. ಅಲ್ಲಿಗೆ ಬೀಸ್ಬೇಕು."

ಹೇಳುವಷ್ಟು ಸುಲಭವಿರಲಿಲ್ಲ. ನಾನು ಮೊದಲ ಸಲ ಬೀಸಿದಾಗ ಸೀಸದ ಗುಂಡು ಬೆನ್ನ ಹಿಂದೆ ಮರಳಿನಲ್ಲಿ ಬಿತ್ತು. ಎರಡನೆಯ ಸಲ ಗಾಳ ನನ್ನ ಅಂಗಿಗೇ ಸಿಕ್ಕಿಕೊಂಡಿತು. ಓಬಳೇಶ ಬೀಸಿದ ರಭಸಕ್ಕೆ ತಾನೇ ಮುಗ್ಗರಿಸಿ ನೀರಿನಲ್ಲಿ ಕುಕ್ಕರಿಸಿದ. ಅವನ ರೀಲಿನ ದಾರ ಬಿಚ್ಚಿ ಗುಬ್ಬಚ್ಚಿ ಗೂಡಾಯಿತು. ಸಾದಿಕ್ ಕತ್ತರಿಸಿಬಿಡೋಣ ಎಂದ. ನಾನು ಇಸಿದುಕೊಂಡು ಮರಳ ಮೇಲೆ ಕೂತು ಬಿಡಿಸಿದೆ. ಹಗಲೆಲ್ಲ ತಂತಿ ಸುತ್ತುವ ಬೆರಳಿಗೆ ದಾರ ಯಾವ ಲೆಕ್ಕ.

ನಿಧಾನಕ್ಕೆ ಕೈ ಕೂತಿತು. ತೊಡೆಮಟ್ಟದ ನೀರಿನಲ್ಲಿ ನಿಂತು ಕೋಲನ್ನು ತಲೆಯ ಹಿಂದಕ್ಕೆ ತೆಗೆದುಕೊಂಡು ಹೋಗಿ, ಅಲೆ ಒಡೆದು ಹಿಂದೆ ಸರಿಯುವುದನ್ನು ಕಾದು ಬೀಸಿದೆ. ಗುಂಡು ಸುಯ್ಯೆಂದು ಹೋಗಿ ಆ ಕಪ್ಪು ನೀರಿನಲ್ಲಿ ಬಿತ್ತು. ಆಮೇಲೆ ಮಾಡುವುದಕ್ಕೆ ಏನೂ ಇಲ್ಲ. ದಾರವನ್ನು ಬೆರಳ ಮೇಲೆ ಇಟ್ಟುಕೊಂಡು ನಿಲ್ಲುವುದು. ಅಲೆ ಬರುತ್ತದೆ, ಹೋಗುತ್ತದೆ, ಹೋಗುವಾಗ ಅಂಗಾಲಿನ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಮೂವರೂ ಒಬ್ಬರಿಗೊಬ್ಬರು ಕೂಗಳತೆಯಲ್ಲಿ ನಿಂತಿದ್ದೆವು. ಬಾಯಿ ಬಿಟ್ಟರೆ ಗಾಳಿ ಮಾತನ್ನು ಹೊತ್ತುಕೊಂಡು ಹೋಗುತ್ತಿತ್ತು, ಹಾಗಾಗಿ ಸುಮ್ಮನಿದ್ದೆವು. ಹುಲ್ಲುದಿಣ್ಣೆ, ಸಭೆ, ಅಧಿಕಾರಿಗಳ ಮುಖ, ಅದುವರೆಗೆ ತಲೆಯಲ್ಲಿ ಗಿರಗಿರ ತಿರುಗುತ್ತಿದ್ದದ್ದೆಲ್ಲ ನಿಂತುಹೋಯಿತು.

ಮೊದಲು ಸಾದಿಕ್‌ಗೆ ಸಿಕ್ಕಿತು. ಆಮೇಲೆ ನನಗೆ. ದಾರ ಬೆರಳಿಗೆ ಟಕ್ ಟಕ್ ಎಂದು ಎರಡು ಸಲ ಬಡಿಯಿತು, ಮೂರನೆಯದಕ್ಕೆ ಜಗ್ಗಿತು. ಕೋಲು ಬಿಲ್ಲಾಯಿತು. "ಎಳೀಬೇಡ! ಅಲೆ ಬರ್ಲಿ, ಅಲೆ ಜೊತೆ ಹಿಂದಕ್ಕೆ ನಡಿ!" ಎಂದು ಸಾದಿಕ್ ಕಿರುಚಿದ. ಹಿಂದಕ್ಕೆ ನಡೆದೆ. ನೀರಿನಿಂದ ಉದ್ದನೆಯ, ಬೆಳ್ಳಗಿನ, ಮೂತಿ ಚೂಪಾದ ಕಾಣೆ ಮೀನು ಮರಳ ಮೇಲೆ ಬಂದು ಒದ್ದಾಡಿತು. ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಏನೆಂದು ಕೂಗಿದೆನೋ ನನಗೇ ಗೊತ್ತಿಲ್ಲ.

ಆ ಸಂಭ್ರಮದಲ್ಲಿ ಬೆನ್ನ ಹಿಂದೆ ಬಂದ ಅಲೆಯನ್ನು ನೋಡಿರಲಿಲ್ಲ. ಮಂಡಿ ಮಡಿಚಿ ಬಿದ್ದೆ. ಕೆಳಗಿನಿಂದ ಮರಳು ಜಾರಿತು, ಬಾಯಿ ಮೂಗಿನಲ್ಲಿ ಉಪ್ಪುನೀರು. ಯಾರೋ ಕುತ್ತಿಗೆಪಟ್ಟಿ ಹಿಡಿದು ಎಳೆದು ನಿಲ್ಲಿಸಿದರು. ಓಬಳೇಶ. ಅವನ ಮುಖ ಬಿಳಚಿಕೊಂಡಿತ್ತು.

"ಲೇ, ಓಗ್ಬುಡ್ತಿದ್ದೆ ಕಣ್ಲಾ!" ಎಂದ. ಮೀನು ಮಾತ್ರ ನನ್ನ ಕೈಯಲ್ಲೇ ಇತ್ತು. ಅದನ್ನು ಕಂಡು ಮೂವರಿಗೂ ನಗು ತಡೆಯಲಾಗಲಿಲ್ಲ.

ಆಗಲೇ ಅವನು ಫೋನು ತೆಗೆದದ್ದು. "ನಿಂತ್ಕ, ಮೀನು ಮ್ಯಾಲೆತ್ತು. ಇನ್ನೊಸಿ ನಗ್ಲಾ." ನಾನು ನಕ್ಕೆ. ಒದ್ದೆ ಅಂಗಿ, ಕೆದರಿದ ತಲೆ, ಹಿಂದೆ ಕಡಲು. ಫೋಟೋ ತೆಗೆದವನು ಗಾಳಿಮರಗಳ ಕಡೆ ನಡೆದುಹೋಗಿ, ಬೆನ್ನು ತಿರುಗಿಸಿ ನಿಂತು ಫೋನು ಒತ್ತುತ್ತಿದ್ದ. ಮರಳಿ ಬಂದಾಗ, "ಇಲ್ಲಿ ಸಿಗ್ನಲ್ಲೇ ಇಲ್ಲ" ಎಂದ. ಸಿಗ್ನಲ್ಲಿನ ಬಗ್ಗೆ ನಾನೇನೂ ಕೇಳಿರಲಿಲ್ಲ.

ಮಧ್ಯಾಹ್ನ ದಂಡೆಯಲ್ಲಿ ಟೀ ಅಂಗಡಿ ಇಟ್ಟಿದ್ದ ಒಬ್ಬ ಅಮ್ಮ ನಮ್ಮ ಮೀನಿಗೆ ಖಾರ ಹಚ್ಚಿ ಕಾದ ಹೆಂಚಿನ ಮೇಲೆ ಹುರಿದು ಕೊಟ್ಟರು. ಸರೋಜಳ ರೊಟ್ಟಿಯ ಜೊತೆ ತಿಂದೆವು. ಹೊಟ್ಟೆ ತುಂಬಿದ ಮೇಲೆ ಮರದ ನೆರಳಿನಲ್ಲಿ ಮಲಗಿದೆವು. ಸಾದಿಕ್‌ಗೆ ನಿದ್ದೆ ಹತ್ತಿತು.

"ಈರ, ಇವತ್ತು ನಿಂಗೆ ಖುಸಿಯಾಗೈತಾ?" ಎಂದು ಓಬಳೇಶ ಕೇಳಿದ.

"ಇಂಥ ದಿನ ನೋಡೇ ಇರ್ಲಿಲ್ಲ ಕಣೋ" ಎಂದೆ. ಅವನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದ. ನಿಜವಾಗ್ಲೂ? ಅಂದ. ನನ್ನ ಮೇಲೆ ಅವನಿಗೆ ಎಷ್ಟು ಪ್ರೀತಿ ಎಂದುಕೊಂಡು ನಾನು ಅವನ ಹೆಗಲ ಮೇಲೆ ಕೈ ಹಾಕಿದೆ.

ಬಿಸಿಲು ಇಳಿದಮೇಲೆ ಕಾರಿಗೆ ಬಂದೆವು. ನನ್ನ ಫೋನು ಆಫ್ ಆಗಿತ್ತು. ಹಾಕಿ ನೋಡಿದರೆ ಸರೋಜಳ ಮಿಸ್ಡ್ ಕಾಲುಗಳ ಸಾಲು. ಎಷ್ಟು ಸಲ ಮಾಡಿದರೂ ಅವಳು ಎತ್ತಲಿಲ್ಲ.

"ಹಟ್ಟಿಯಾಗೆ ಕರೆಂಟ್ ಓಗಿರ್ತದೆ, ಟವರ್ ಇರಲ್ಲ. ಏನಾಗಿರ್ತದೆ ಬುಡು" ಎಂದ ಓಬಳೇಶ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. ಹೊತ್ತು ಹೋದಂತೆ ಅವನು ಮಾತೇ ಕಡಿಮೆ ಮಾಡಿದ. ಗಾಡಿ ಓಡಿಸಿ ದಣಿದಿದ್ದಾನೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಸಾದಿಕ್‌ನನ್ನು ಶಿರಾದಲ್ಲಿ ಇಳಿಸಿದೆವು. ಹಟ್ಟಿಯ ತಿರುವಿನಲ್ಲಿ ಓಬಳೇಶ ಕಾರು ನಿಲ್ಲಿಸಿದ. ಯಾವತ್ತೂ ಮನೆವರೆಗೆ ಬಂದು ಕಾಫಿ ಕುಡಿಯದೆ ಹೋದವನಲ್ಲ. "ಕೆಲ್ಸ ಐತೆ" ಎಂದು ಅಲ್ಲಿಂದಲೇ ತಿರುಗಿಸಿಕೊಂಡು ಹೋದ.

ಐಸಿನಲ್ಲಿಟ್ಟ ಮೀನಿನ ಚೀಲ ಹಿಡಿದು ನಡೆದೆ. ಕ್ಯಾತಪ್ಪ ದೊಡ್ಡಪ್ಪ ರೊಪ್ಪದ ಬಾಗಿಲಲ್ಲಿ ಕುರಿ ಬಿಡುತ್ತಿದ್ದ. "ದೊಡ್ಡಪ್ಪ" ಎಂದೆ. ನನ್ನನ್ನು ನೋಡಿದ, ಕುರಿಗಳ ಕಡೆ ತಿರುಗಿಕೊಂಡ. ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ನಾನು ಹತ್ತಿರ ಬರುತ್ತಲೇ ಎದ್ದು ಒಳಗೆ ಹೋದರು.

ಸರೋಜ ಹೊಸಿಲಲ್ಲಿ ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ಅವಳು ನನ್ನ ಸ್ವಂತ ಅತ್ತೆಯ ಮಗಳು, ಹುಟ್ಟಿದಾಗಿನಿಂದ ನನ್ನನ್ನು ಬಲ್ಲವಳು. ಚೀಲದ ಕಡೆ ನೋಡಲೂ ಇಲ್ಲ.

"ನಿನ್ನೆ ಸಭೆ ಆಯ್ತು ಮಾವ" ಎಂದಳು.

ನನಗೆ ಅರ್ಥವಾಗಲಿಲ್ಲ. ಯಾವ ಸಭೆ ಎಂದೆ.

ಶನಿವಾರ ಬೆಳಿಗ್ಗೆ ಆಟೋದಲ್ಲಿ ಮೈಕು ಕಟ್ಟಿಕೊಂಡು ಬಂದು, ಇವತ್ತೇ ಗ್ರಾಮಸಭೆ ಎಂದು ಸಾರಿಕೊಂಡು ಹೋದರಂತೆ. ಹಟ್ಟಿಯವರು ಎದ್ದೂ ಬಿದ್ದೂ ಹೋದರು. ಅಲ್ಲಿ ಸರೋಜ ಎದ್ದು ನಿಂತು, ನಮ್ಮ ಯಜಮಾನರು ಊರಲ್ಲಿಲ್ಲ, ಬರೋವರ್ಗೂ ನಿಲ್ಲಿಸಿ ಎಂದು ಕೇಳಿದ್ದಾಳೆ. ವೇದಿಕೆಯ ಮೇಲಿದ್ದವನೊಬ್ಬ ನಕ್ಕು, "ನಿಮ್ಮ ಯಜಮಾನ್ರೇ ಒಪ್ಕಂಡು ಓಗವ್ರಲ್ಲಮ್ಮ. ಬ್ಯಾಡ ಅನ್ನೋನು ಇವತ್ತು ಸಮುದ್ರದಾಗೆ ಮೀನು ಇಡೀತಾ ಕೂತಿರ್ತಿದ್ನಾ?" ಎಂದನಂತೆ. ಎಂದವನೇ ತನ್ನ ಫೋನು ತೆಗೆದು ಹಟ್ಟಿಯವರ ಕೈಗೆ ಕೊಟ್ಟ. ಕೈಯಿಂದ ಕೈಗೆ ಹೋಯಿತು. ಅದರಲ್ಲಿ ನಾನು ಮೀನು ಎತ್ತಿ ಹಿಡಿದುಕೊಂಡು ನಗುತ್ತಿದ್ದೆ.

"ದೊಡ್ಡಮಾವ ಕಣ್ಣತ್ರ ಇಡ್ಕಂಡು ನೋಡ್ದ. ಏನೂ ಅನ್ನದೆ ಎದ್ದು ಬಂದ. ಅವ್ನು ಎದ್ಮ್ಯಾಲೆ ಎಲ್ರೂ ಎದ್ರು. ಉಳಿದೋರು ಕೈ ಎತ್ತುದ್ರು, ಆಗೋಯ್ತು." ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. "ಮಾವ, ನೀನು ಗೊತ್ತಿದ್ದೇ ಓಗಿದ್ಯಾ?"

ದಿಣ್ಣೆ ಹೋದದ್ದಕ್ಕಿಂತ ಆ ಪ್ರಶ್ನೆ ನನ್ನನ್ನು ಕೊಂದಿತು. ಇಲ್ಲ ಎಂದೆ. ಇಲ್ಲ ಎನ್ನುವಾಗ ನನ್ನ ದನಿ ನನಗೇ ಸುಳ್ಳುಗಾರನದಂತೆ ಕೇಳಿಸಿತು.

ಹಳ್ಳ ದಾಟಿ ಓಬಳೇಶನ ಮನೆಗೆ ಹೋದೆ. ಅವನು ಸ್ನಾನ ಮಾಡಿ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದ. ನಾನು ಬರುತ್ತೇನೆಂದು ಗೊತ್ತಿದ್ದವನ ಹಾಗೆ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ನಿಂತ.

"ಸಭೆ ನಿನ್ನೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅಷ್ಟು ಬೇಗ ಒಪ್ಪಿಕೊಳ್ಳುತ್ತಾನೆಂದು ನಾನು ಅಂದುಕೊಂಡಿರಲಿಲ್ಲ. ಬೈಯಲು ಕೂಡಿಟ್ಟುಕೊಂಡು ಬಂದ ಮಾತೆಲ್ಲ ಕಾಲ್ಕಿತ್ತಿತು.

"ನೋಡು ಈರ, ಅವ್ರು ಎಂಗಾದ್ರೂ ತಗಂತಿದ್ರು. ನೀನಿದ್ದಿದ್ರೆ ಗಲಾಟೆ ಆಗ್ತಿತ್ತು. ಪೊಲೀಸ್ನೋರ್ಗೆ ಮೊದ್ಲೇ ಯೋಳಿಟ್ಟಿದ್ರು. ನಿನ್ನನ್ನೇ ಇಡ್ಕಂಡೋಗ್ತಿದ್ರು. ನಾನು ನಿನ್ನ ಉಳಿಸ್ದೆ ಕಣ್ಲಾ."

"ಫೋಟೋ ಯಾಕ್ಲಾ ಕಳಿಸ್ದೆ?"

ಅವನು ಟವೆಲ್ಲಿನಿಂದ ಮತ್ತೆ ತಲೆ ಒರೆಸಿಕೊಂಡ. ಅಂಗಳದ ಕಡೆ ನೋಡಿದ. ಅವನ ಕಾರನ್ನು ಕಂಪನಿಯವರು ಕಾಯಂ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ, ಅವನ ತಮ್ಮನಿಗೂ ಅಲ್ಲೇ ಕೆಲಸ ಎಂಬುದು ನನಗೆ ಆಮೇಲೆ ತಿಳಿದ ಸಂಗತಿ. ಆಗ ನನಗೆ ಕಾರಣ ಬೇಕಿರಲಿಲ್ಲ.

"ಉಳ್ಸೋನು ಸಭೆ ಐತೆ ಅಂತ ಯೋಳಿ ಉಳ್ಸಬೋದಾಗಿತ್ತು. ಯೋಳಿದ್ರೆ ನಾನು ಸಮುದ್ರಕ್ಕೆ ಬರ್ತಿರ್ಲಿಲ್ಲ, ಅದಕ್ಕೇ ನೀನು ಯೋಳ್ಲಿಲ್ಲ. ಓಗ್ಲಿ ಬುಡು. ಒಂದು ಕೆಲ್ಸ ಮಾಡು. ಹಟ್ಟಿಗೆ ಬಾ. ದೊಡ್ಡಪ್ಪನ ಮುಂದೆ ನಿಂತ್ಕಂಡು, ಈರನಿಗೆ ಗೊತ್ತಿರ್ಲಿಲ್ಲ ಅಂತ ಒಂದು ಮಾತು ಯೋಳು. ಇನ್ನೇನೂ ಕೇಳಲ್ಲ."

"ಬತ್ತೀನಿ" ಎಂದ. "ಎರಡು ದಿನ ಬುಟ್ಟು ಬತ್ತೀನಿ. ಬಿಸಿ ಆರ್ಲಿ."

ಅವನು ಬರಲಿಲ್ಲ. ದೀಪಾವಳಿ ಆಯಿತು, ಕಡಲೆಕಾಯಿ ಕಿತ್ತು ಕಣಕ್ಕೆ ಹಾಕಿದ್ದಾಯಿತು. ಎದುರಿಗೆ ಸಿಕ್ಕಾಗ ಅವನು ಕಾರಿನ ಗಾಜು ಏರಿಸಿಕೊಂಡು ಹೋಗುತ್ತಿದ್ದ.

ಬಂದವನು ಸಾದಿಕ್. ಫೋನಿನಲ್ಲಿ ನಾನು ಎಲ್ಲ ಹೇಳಿದಾಗ ಅವನು "ನನ್ನ ಕಡಲನ್ನ ಅವನು ಇದಕ್ಕೆ ಇಟ್ಕೊಂಡ್ನಾ?" ಎಂದಿದ್ದ. ಮರುದಿನವೇ ಅಂಗಡಿ ಮುಚ್ಚಿ ಹಟ್ಟಿಗೆ ಬಂದು, ಎಲ್ಲರೂ ಸೇರಿರುವಾಗ ಎದ್ದು ನಿಂತ. "ಯಜಮಾನ್ರೇ, ಖುದಾ ಕಸಮ್, ಇವನಿಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ. ನಮ್ ಫೋನ್ ಕಿತ್ಕೊಂಡು ಇಟ್ಟಿದ್ದ ಅವನು." ಕ್ಯಾತಪ್ಪ ಪೂರ್ತಿ ಕೇಳಿದ. ಸಾದಿಕ್‌ಗೆ ಮಜ್ಜಿಗೆ ಕೊಡಿಸಿದ. ಆಮೇಲೆ, "ನೀನೂ ಅವ್ನ ಜೊತೆಗಾರನೇ ಅಲ್ವಾ ಸಾಬಣ್ಣ. ನೀನು ಇನ್ನೇನು ತಾನೆ ಯೋಳೀಯ" ಎಂದ. ಸಾದಿಕ್ ಬಸ್ಸಿಗೆ ಹೋಗುವವರೆಗೂ ನನ್ನ ಮುಖ ನೋಡಲಿಲ್ಲ.

ಸರೋಜ ನಂಬಿದಳು. ಯಾವತ್ತು ನಂಬಿದಳೋ ಹೇಳಲಾರೆ. ಒಂದು ದಿನ ಎಂದಿನಂತೆ ಜಗಳವಾಡಿದಳು, ಆಗ ತಿಳಿಯಿತು.

ತಾಲ್ಲೂಕು ಕಚೇರಿಗೆ ಅಲೆದೆ. ಗ್ರಾಮಸಭೆಯೇ ಒಪ್ಪಿದೆಯಲ್ಲ ಎಂದು ಅಲ್ಲಿ ಎಲ್ಲರೂ ಅದನ್ನೇ ಹೇಳಿದರು. ಬೇಸಿಗೆಗೆ ಹುಲ್ಲುದಿಣ್ಣೆಯ ಸುತ್ತ ಕಬ್ಬಿಣದ ಕಂಬ ನಿಂತವು, ಬೇಲಿ ಬಿತ್ತು. ಕುರಿಗಳು ಬೆಟ್ಟದಾಚೆಗೆ ಹೋಗಬೇಕಾದರೆ ಡಾಂಬರು ರಸ್ತೆಗುಂಟ ಸುತ್ತಿ ಹೋಗಬೇಕಾಯಿತು. ಲಾರಿಗಳ ಓಡಾಟ ಬೇರೆ. ಒಂದು ಮಂದೆಗೆ ಹಿಂದೊಬ್ಬರು ಮುಂದೊಬ್ಬರು ಇಲ್ಲದೆ ಆಗುತ್ತಿರಲಿಲ್ಲ. ದೊಡ್ಡಪ್ಪನ ಮಂದೆಗೆ ಅವನೊಬ್ಬನೇ. ಅವನು ಯಾರನ್ನೂ ಕರೆಯಲಿಲ್ಲ. ಒಂದು ಬೆಳಿಗ್ಗೆ ನಾನೇ ಹೋಗಿ ಮಂದೆಯ ಹಿಂದೆ ನಿಂತೆ. ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಅಂದಿನಿಂದ ದಿನಾ ಕುರಿಗಳನ್ನು ಬೆಟ್ಟದಾಚೆ ಮುಟ್ಟಿಸಿ ಬಂದಮೇಲೆ ಅಂಗಡಿ ತೆಗೆಯುವುದು ರೂಢಿಯಾಯಿತು. ಅವನು ಮುಂದೆ, ನಾನು ಹಿಂದೆ, ನಡುವೆ ಕುರಿ. ಬೇಸಿಗೆ ಪೂರ್ತಿ ಹಾಗೆ ನಡೆದೆವು. ಅವನು ಕುರಿಗಳ ಜೊತೆ ಮಾತಾಡುತ್ತಿದ್ದ, ನನ್ನ ಜೊತೆ ಇಲ್ಲ.

ಮುಂದಿನ ಮಳೆಗಾಲ ಕೈಕೊಟ್ಟಿತು. ಶ್ರಾವಣ ಬಂದರೂ ಬಿಸಿಲು ಸುಡುತ್ತಿತ್ತು. ಅಂಥದೊಂದು ದಿನ ಬೇಲಿಯ ಗೇಟಿನ ಹತ್ತಿರ ಓಬಳೇಶನ ಕಾರು ನಿಂತಿತ್ತು. ಆ ವಾರ ಈದ ಕುರಿಗಳು ಮರಿಗಳ ಜೊತೆ ಹಿಂದೆ ಬಿದ್ದಿದ್ದವು. ಎರಡು ಮರಿಗಳು ನನ್ನ ಕಂಕುಳಲ್ಲಿದ್ದವು. ಅವನು ಕಾರಿನಿಂದಿಳಿದು ನಮ್ಮನ್ನು ನೋಡಿದ. ಆಮೇಲೆ ಹೋಗಿ ಗೇಟಿನ ಚಿಲಕ ತೆಗೆದು ಎರಡೂ ಬಾಗಿಲು ತಳ್ಳಿದ.

"ಈರ, ಇತ್ಲಾಗೆ ಒಡ್ಕಂಡು ಬಾ. ಸಾಹೇಬ್ರು ಯಾರೂ ಇಲ್ಲ ಇವತ್ತು. ಇಂಗೆ ನೆಟ್ಟಗೆ ಓಗ್ಬುಡು, ಬಿಸ್ಲಾಗೆ ಯಾಕೆ ಸುತ್ತೀಯಾ" ಎಂದ. ಅಷ್ಟು ತಿಂಗಳಾದ ಮೇಲೆ ಅವನ ಬಾಯಿಂದ ನನ್ನ ಹೆಸರು ಕೇಳಿದ್ದು ಆಗಲೇ. ಮೊದಲಿನ ಹಾಗೇ ಕರೆದ. ಹಳ್ಳ ದಾಟಿ ಬಂದು ನಮ್ಮ ಬಾಗಿಲಲ್ಲಿ ಕರೆಯುತ್ತಿದ್ದನಲ್ಲ, ಹಾಗೆ.

ಕುರಿಗಳಿಗೆ ಹಳೆಯ ದಾರಿ ಗೊತ್ತು. ಮುಂದಿನವು ಆಗಲೇ ಗೇಟಿನ ಕಡೆ ಮೂತಿ ತಿರುಗಿಸಿದ್ದವು. ಗೇಟಿನಾಚೆ ಫಲಕಗಳ ಕೆಳಗೆ ನೆರಳು ಕಾಣುತ್ತಿತ್ತು. ಕಂಕುಳಲ್ಲಿದ್ದ ಮರಿಗಳು ಬಾಯಾರಿ ಅರಚುತ್ತಿದ್ದವು. ಒಂದು ಗಳಿಗೆ ನನಗೂ ಹೋಗಿಬಿಡೋಣವೆನ್ನಿಸಿತು. ಅವನ ಮುಖ ನೋಡಿದೆ. ಅವನಿಗೆ ಬೇಕಿದ್ದದ್ದು ನಾನು ಆ ಗೇಟಿನೊಳಗೆ ಕಾಲಿಡುವುದು. ಅಷ್ಟಾದರೆ ಎಲ್ಲ ಸರಿಹೋಯಿತು ಎಂದು ಅವನು ಅಂದುಕೊಳ್ಳುತ್ತಿದ್ದ.

"ಹಟ್ಟಿಗೆ ಬತ್ತೀನಿ ಅಂದಿದ್ದೆ ನೀನು" ಎಂದೆ.

ಅವನು ಗೇಟು ಹಿಡಿದುಕೊಂಡೇ ನಿಂತ. ಕ್ಯಾತಪ್ಪ ಅಲ್ಲೇ, ಕೈಗೆಟುಕುವ ದೂರದಲ್ಲಿ ನಿಂತಿದ್ದ. ನನಗೆ ಗೊತ್ತಿರಲಿಲ್ಲ ಎಂಬ ಆ ಒಂದು ಮಾತು ಹೇಳುವುದಾಗಿದ್ದರೆ ಹಟ್ಟಿಗೆ ಬರುವ ಅಗತ್ಯವೂ ಇರಲಿಲ್ಲ. ಓಬಳೇಶ ದೊಡ್ಡಪ್ಪನ ಕಡೆ ನೋಡಿದ, ನೆಲ ನೋಡಿದ, ಏನೂ ಹೇಳಲಿಲ್ಲ.

ಅವನು ಹೇಳದೆ ನಿಂತದ್ದನ್ನು ದೊಡ್ಡಪ್ಪ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕೋಲನ್ನು ಅಡ್ಡ ಹಿಡಿದು, ಗೇಟಿನೊಳಗೆ ತಲೆ ಹಾಕಿದ್ದ ಟಗರನ್ನು "ಹ್ರೀ" ಎಂದು ಹಿಂದಕ್ಕೆ ತಿರುಗಿಸಿದ. ಮಂದೆಯೆಲ್ಲ ಅದರ ಹಿಂದೆ ತಿರುಗಿತು. ನನ್ನ ಹತ್ತಿರ ಬಂದು ಒಂದು ಮರಿಯನ್ನು ತನ್ನ ಕಂಬಳಿಯೊಳಗೆ ತೆಗೆದುಕೊಂಡ.

"ಬಾರಲಾ ಮಗ, ಸುತ್ಕಂಡೇ ಓಗಾಣ" ಎಂದ.

ರಸ್ತೆಯಲ್ಲಿ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿತ್ತು. ಆ ದಿನ ಅವನು ಮುಂದೆ ಹೋಗದೆ ನನ್ನ ಪಕ್ಕದಲ್ಲೇ ನಡೆದ. ಬೇಲಿ ಮುಗಿದು ಬೆಟ್ಟದ ನೆರಳು ಸಿಕ್ಕಮೇಲೆ ಅವನು ಕೇಳಿದ.

"ಸಮುದ್ರ ಎಂಗೈತ್ಲಾ?"

ಹೇಳಲು ಹೊರಟೆ. ಮಿಷನ್ನಿನಂಥ ಸದ್ದು ಹೇಳಿದೆ, ಅಂಗಾಲಿನ ಕೆಳಗೆ ಮರಳು ಜಾರುವುದನ್ನು ಹೇಳಿದೆ. ಅಲೆ ಕೆಡವಿದ್ದರವರೆಗೆ ಬಂದು ಮಾತು ನಿಂತಿತು. ಮುಂದೆ ಹೇಳಬೇಕಾದದ್ದು ನನ್ನನ್ನು ಎಳೆದು ನಿಲ್ಲಿಸಿದ ಕೈಯ ಮಾತು.

"ಯಾರ್ಯಾರು ಓಗಿದ್ರಿ?" ಎಂದ ದೊಡ್ಡಪ್ಪ. ಅವನಿಗೆ ಗೊತ್ತಿತ್ತು, ಇಡೀ ಊರಿಗೆ ಗೊತ್ತಿತ್ತು.

"ನಾನು, ಸಾದಿಕ್ಕು" ಎಂದೆ.

ದೊಡ್ಡಪ್ಪ ಹೂಂ ಎಂದು ಮರಿಯನ್ನು ಈ ತೋಳಿನಿಂದ ಆ ತೋಳಿಗೆ ಬದಲಾಯಿಸಿಕೊಂಡು ನಡೆದ.